ಅಮೆರಿಕದ ಮನೆಯ ಲಾಂಡ್ರಿ ರೂಮ್: ವಾಷರ್, ಡ್ರೈಯರ್ ಔಟ್‌ಲೆಟ್‌ಗಳಿಗೆ ಕೋಡ್ ಏನು ಕೇಳುತ್ತದೆ?

ಅಮೆರಿಕದಲ್ಲಿ ಹಳೇ ಮನೆ ಕೊಂಡವರು ಮೊದಲು ಅಡುಗೆಮನೆ ರಿಪೇರಿ ಮಾಡಿಸುತ್ತಾರೆ, ಆಮೇಲೆ ಬಾತ್‌ರೂಮ್. ಲಾಂಡ್ರಿ ರೂಮಿನ ನೆನಪಾಗುವುದು ಹೊಸ ಡ್ರೈಯರ್ ಬಾಗಿಲಿಗೆ ಬಂದಾಗ. ಡೆಲಿವರಿಗೆ ಬಂದವರು "ಮೂರು ಕಡ್ಡಿಯ ಕಾರ್ಡ್ ಬೇಕೋ, ನಾಲ್ಕು ಕಡ್ಡಿಯದೋ?" ಎಂದು ಕೇಳುತ್ತಾರೆ. ಕಾರ್ಡ್ ಎಂದರೆ ಪ್ಲಗ್ ಇರುವ ವೈರು. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಪ್ರಶ್ನೆ ಬರುವ ಮುಂಚೆಯೇ ಈ ಕೋಣೆಯ ವೈರಿಂಗ್ ಬಗ್ಗೆ ತಿಳಿದುಕೊಂಡಿರಲಿ ಎಂದು ಈ ಬರಹ.

ಊರಿನ ಮನೆಗಳಲ್ಲಿ ವಾಷಿಂಗ್ ಮೆಷಿನ್‌ಗೆ 16 ಆಂಪಿಯರ್ ಸಾಕೆಟ್ ಇರುತ್ತದೆ, ಪಕ್ಕದಲ್ಲೇ ಸ್ವಿಚ್. ಬಟ್ಟೆ ಒಗೆದಾದ ಮೇಲೆ ಸ್ವಿಚ್ ಆರಿಸುವುದು ನಮಗೆ ಅಭ್ಯಾಸ. ಇಲ್ಲಿ ಔಟ್‌ಲೆಟ್‌ಗೆ ಸ್ವಿಚ್ಚೇ ಇರುವುದಿಲ್ಲ. ಹಗಲೂ ರಾತ್ರಿ ಅದರಲ್ಲಿ ಕರೆಂಟ್ ಇದ್ದೇ ಇರುತ್ತದೆ. ನೀರು, ಲೋಹದ ಮೆಷಿನ್, ಒದ್ದೆ ಕೈ ಎಲ್ಲ ಒಂದೇ ಕಡೆ ಸೇರುವ ಜಾಗದಲ್ಲಿ ನಮ್ಮನ್ನು ಕಾಯುವ ಕೆಲಸ ಪೂರ್ತಿ ಬ್ರೇಕರ್‌ನದು. ಹಾಗಾಗಿ ಈ ಕೋಣೆಯ ಕೆಲಸವನ್ನು ಗೋಡೆಯ ಔಟ್‌ಲೆಟ್‌ನಿಂದಲ್ಲ, ಬ್ರೇಕರ್‌ಗಳೆಲ್ಲ ಇರುವ ಪ್ಯಾನೆಲ್‌ನಿಂದ ಶುರು ಮಾಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

1. ನಿಮ್ಮ ಊರಿನಲ್ಲಿ ಯಾವ ವರ್ಷದ ಕೋಡ್ ಜಾರಿಯಲ್ಲಿದೆ?

ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಎಂಬ ವೈರಿಂಗ್ ನಿಯಮಗಳ ಪುಸ್ತಕವನ್ನು ಬೆಂಕಿ ಅನಾಹುತ ತಡೆಯಲು ದುಡಿಯುವ ಎನ್‌ಎಫ್‌ಪಿಎ ಸಂಸ್ಥೆ ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಎಲ್ಲರೂ ಇದನ್ನು ಎನ್‌ಇಸಿ ಅನ್ನುತ್ತಾರೆ. ಹೆಸರಲ್ಲಿ ನ್ಯಾಷನಲ್ ಇದ್ದರೂ ಅದು ತಾನಾಗಿ ಕಾನೂನಾಗುವುದಿಲ್ಲ. ರಾಜ್ಯವೋ ನಗರವೋ ಅದನ್ನು ಒಪ್ಪಿಕೊಂಡ ಮೇಲೆ ಅಲ್ಲಿ ಅದು ಕಾನೂನು. ಒಂದು ಕಡೆ 2023ರ ಆವೃತ್ತಿ ನಡೆಯುತ್ತಿದ್ದರೆ ಪಕ್ಕದ ರಾಜ್ಯದಲ್ಲಿ ಇನ್ನೂ ಹಳೆಯದೇ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದಿರುವ ಕೋಡ್‌ಗೆ 2023ರ ಎನ್‌ಇಸಿಯೇ ಆಧಾರ. ಷಿಕಾಗೋ ನಗರದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಬದಲು ಲೋಹದ ಪೈಪಿನೊಳಗೆ ವೈರ್ ಎಳೆಯಬೇಕು. ಬೇರೆ ಊರಿನ ಗೆಳೆಯ ಕಳಿಸಿದ ವಿಡಿಯೋ ನಂಬಿಕೊಂಡು ಹೊರಟರೆ ಇಂಥ ಕಡೆ ಸಿಕ್ಕಿಬೀಳುತ್ತೀರಿ.

ನಗರದ ಬಿಲ್ಡಿಂಗ್ ಇಲಾಖೆಗೆ ಫೋನ್ ಮಾಡಿ ಮೂರು ವಿಷಯ ಕೇಳಿ. ಯಾವ ವರ್ಷದ ಎನ್‌ಇಸಿ ನಡೆಯುತ್ತಿದೆ? ಲಾಂಡ್ರಿ ಬಗ್ಗೆ, ಅದರಲ್ಲೂ ಡ್ರೈಯರ್‌ನ ಜಿಎಫ್‌ಸಿಐ (ಕರೆಂಟ್ ಸೋರಿದರೆ ಕಡಿಯುವ ಸಾಧನ) ಬಗ್ಗೆ, ಸ್ಥಳೀಯ ಬದಲಾವಣೆ ಏನಾದರೂ ಇದೆಯಾ? ಸ್ವಂತ ಮನೆಯಲ್ಲಿ ವಾಸವಿರುವವರಿಗೆ ಸ್ವತಃ ಪರ್ಮಿಟ್ ತೆಗೆದು ಕೆಲಸ ಮಾಡಲು ಬಿಡುತ್ತೀರಾ? ಬಹಳ ಕಡೆ ಬಿಡುತ್ತಾರೆ, ಎಲ್ಲ ಕಡೆ ಅಲ್ಲ. ಬಾಡಿಗೆ ಮನೆಯಾದರೆ ಈ ಮಾತೇ ಬೇಡ, ಮಾಲೀಕರಿಗೆ ಹೇಳಿ ಮಾಡಿಸಿಕೊಳ್ಳಿ.

ಕೆಳಗೆ ಹೇಳುತ್ತಿರುವುದು 2020 ಮತ್ತು 2023ರ ಆವೃತ್ತಿಗಳ ಲೆಕ್ಕ.

2. ಮೆಷಿನ್‌ನ ಪ್ಲೇಟ್ ಓದಿ

ವಾಷರ್ ಮತ್ತು ಡ್ರೈಯರ್‌ನ ಬಾಗಿಲಿನ ಅಂಚಿನಲ್ಲೋ ಹಿಂಭಾಗದಲ್ಲೋ ವೋಲ್ಟ್, ಆಂಪಿಯರ್ ಬರೆದ ಚಿಕ್ಕ ಪ್ಲೇಟ್ ಇರುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲಿನ ವಾಷರ್‌ಗಳು ಹೆಚ್ಚಾಗಿ 120 ವೋಲ್ಟಿನವು. ಗ್ಯಾಸ್ ಡ್ರೈಯರ್‌ಗೂ 120 ವೋಲ್ಟ್ ಸಾಕು, ಏಕೆಂದರೆ ಕರೆಂಟ್ ಬೇಕಾಗುವುದು ಡ್ರಮ್ ತಿರುಗಿಸಲು ಮತ್ತು ಕಂಟ್ರೋಲ್‌ಗೆ ಮಾತ್ರ. ಮಾಮೂಲಿ ಎಲೆಕ್ಟ್ರಿಕ್ ಡ್ರೈಯರ್‌ಗೆ 240 ವೋಲ್ಟ್, 30 ಆಂಪಿಯರ್ ಸರ್ಕ್ಯೂಟ್ ಬೇಕು. ಹೀಟ್ ಪಂಪ್ ಡ್ರೈಯರ್‌ಗಳು ಕಡಿಮೆ ಕರೆಂಟ್ ತಿನ್ನುತ್ತವೆ. ಒಗೆಯುವುದು ಒಣಗಿಸುವುದು ಎರಡನ್ನೂ ಮಾಡುವ ಕೆಲವು ಮೆಷಿನ್‌ಗಳು 120 ವೋಲ್ಟಿನಲ್ಲೇ ನಡೆಯುತ್ತವೆ. ಪ್ಲೇಟ್ ನೋಡದೆ ವೈರ್ ಎಳೆಸಬೇಡಿ.

ಪ್ಯಾನೆಲ್‌ನಲ್ಲಿ ಜಾಗ ಇದೆಯಾ ಅನ್ನುವುದನ್ನೂ ಈಗಲೇ ನೋಡಿಬಿಡಿ. ಲೋಡ್ ಲೆಕ್ಕ ಹಾಕುವಾಗ ಲಾಂಡ್ರಿ ಸರ್ಕ್ಯೂಟ್‌ಗೆ 1500 ವೋಲ್ಟ್-ಆಂಪಿಯರ್ ಹಿಡಿಯಬೇಕು. ಎಲೆಕ್ಟ್ರಿಕ್ ಡ್ರೈಯರ್‌ಗೆ 5000 ವ್ಯಾಟ್ ಅಥವಾ ಪ್ಲೇಟಿನ ಮೇಲಿನ ಅಂಕಿ, ಯಾವುದು ಜಾಸ್ತಿಯೋ ಅದು. ಹಳೇ 100 ಆಂಪಿಯರ್ ಸರ್ವಿಸ್ (ಹೊರಗಿನಿಂದ ಬರುವ ಮುಖ್ಯ ಲೈನ್) ಇರುವ ಮನೆಗೆ ಕಾರ್ ಚಾರ್ಜರ್ ಬೇರೆ ಸೇರಿದ್ದರೆ ಈ ಲೆಕ್ಕವನ್ನು ಬಾಯಲ್ಲಿ ಮುಗಿಸಬೇಡಿ, ಕಾಗದದ ಮೇಲೆ ಹಾಕಿಸಿ.

3. ಲಾಂಡ್ರಿಗೇ ಮೀಸಲಾದ 20 ಆಂಪಿಯರ್ ಸರ್ಕ್ಯೂಟ್

ಇದು ಮುಖ್ಯ ನಿಯಮ. ವಾಷರ್ ಇಡುವ ಜಾಗದಲ್ಲಿ ಕನಿಷ್ಠ ಒಂದು ಔಟ್‌ಲೆಟ್ ಇರಬೇಕು ಎಂದು ಎನ್‌ಇಸಿಯ 210.52(ಎಫ್) ವಿಭಾಗ ಹೇಳುತ್ತದೆ. ಆ ಔಟ್‌ಲೆಟ್‌ಗೆ ಕನಿಷ್ಠ ಒಂದು 20 ಆಂಪಿಯರ್ ಸರ್ಕ್ಯೂಟ್ ಬೇರೆಯಾಗಿ ಬರಬೇಕು, ಅದರ ಮೇಲೆ ಇನ್ಯಾವುದನ್ನೂ ಹಾಕಬಾರದು ಎನ್ನುವುದು 210.11(ಸಿ)(2). ಇನ್ಯಾವುದನ್ನೂ ಎಂದರೆ ಅದೇ ಕೋಣೆಯ ಲೈಟು, ಎಕ್ಸಾಸ್ಟ್ ಫ್ಯಾನು, ಗೋಡೆಯಾಚೆಯ ಹಜಾರದ ಔಟ್‌ಲೆಟ್ ಯಾವುದೂ ಕೂಡದು. ಲೈಟ್ ಬೇರೆ ಸರ್ಕ್ಯೂಟ್‌ನಿಂದ ಬರಲಿ. ವಾಷರ್ ಬ್ರೇಕರ್ ಬಿದ್ದರೂ ಕತ್ತಲಲ್ಲಿ ನೀರಿನ ಮೇಲೆ ನಿಲ್ಲುವ ಪಾಡು ಬರುವುದಿಲ್ಲ.

ಔಟ್‌ಲೆಟ್ ಮೆಷಿನ್ ಇಡುವ ಜಾಗದಿಂದ 6 ಅಡಿಯೊಳಗಿರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯುವ ಸಂದರ್ಭವೇ ಬರಬಾರದು ಅನ್ನುವುದು ಇದರ ಉದ್ದೇಶ.

ವೈರ್ 12 ಗೇಜ್ ತಾಮ್ರದ್ದಾಗಿರಬೇಕು. ಗೇಜ್ ಎಂದರೆ ವೈರಿನ ದಪ್ಪದ ಅಳತೆ, ಅಂಕಿ ಹೆಚ್ಚಾದಷ್ಟೂ ವೈರ್ ತೆಳು. ಮನೆಗೆ ಬಳಸುವ 12 ಗೇಜ್ ಕೇಬಲ್‌ನ ಹೊದಿಕೆ ಸಾಮಾನ್ಯವಾಗಿ ಹಳದಿ, 14 ಗೇಜ್‌ನದು ಬಿಳಿ. ಹಳೇ ಮನೆಗಳಲ್ಲಿ ಹೊದಿಕೆಯ ಬಣ್ಣ ನಂಬುವಂತಿಲ್ಲ, ಮೇಲೆ ಅಚ್ಚಾಗಿರುವ ಅಕ್ಷರ ಓದಬೇಕು. 15 ಆಂಪಿಯರ್ ಬ್ರೇಕರ್ ಪದೇ ಪದೇ ಬೀಳುತ್ತದೆ ಎಂದು ಅದನ್ನು ಕಿತ್ತು 20ರದ್ದು ಕೂರಿಸುವವರಿದ್ದಾರೆ. ಒಳಗಿರುವುದು 14 ಗೇಜ್ ವೈರ್ ಆದರೆ ಬ್ರೇಕರ್ ಬೀಳುವ ಮೊದಲೇ ವೈರ್ ಬಿಸಿಯೇರುತ್ತದೆ, ಅದೂ ಗೋಡೆಯೊಳಗೆ, ಯಾರಿಗೂ ಕಾಣದಂತೆ. ಇಷ್ಟು ಅಪಾಯದ ಉಳಿತಾಯ ಇನ್ನೊಂದಿಲ್ಲ.

20 ಆಂಪಿಯರ್ ಸರ್ಕ್ಯೂಟ್‌ಗೆ ಒಂದೇ ಒಂದು ಪ್ಲಗ್ ಹಿಡಿಯುವ ಔಟ್‌ಲೆಟ್ ಹಾಕಿದರೆ ಅದು 20 ಆಂಪಿಯರ್‌ದೇ ಆಗಿರಬೇಕು. ಎರಡು ಪ್ಲಗ್ ಹಿಡಿಯುವ ಮಾಮೂಲಿ ಡ್ಯೂಪ್ಲೆಕ್ಸ್ ಆದರೆ 15ರದ್ದೂ ನಡೆಯುತ್ತದೆ. 20ರದ್ದನ್ನು ಗುರುತಿಸುವುದು ಸುಲಭ, ಒಂದು ಸೀಳು ಮಲಗಿಸಿದ ಟಿ ಆಕಾರದಲ್ಲಿರುತ್ತದೆ.

ಈ ಸರ್ಕ್ಯೂಟ್ ಮೇಲೆ ಲಾಂಡ್ರಿ ಜಾಗದಲ್ಲಿ ಒಂದಕ್ಕಿಂತ ಜಾಸ್ತಿ ಔಟ್‌ಲೆಟ್ ಹಾಕಬಹುದು. ಗ್ಯಾಸ್ ಡ್ರೈಯರ್ ಕೂಡ ಇದರಲ್ಲೇ ನಡೆಯುತ್ತದೆ. ಇಸ್ತ್ರಿ ಪೆಟ್ಟಿಗೆಯ ವಿಷಯ ಬೇರೆ. 1500 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 120 ವೋಲ್ಟಿನಲ್ಲಿ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ. ವಾಷರ್ 10 ಎಳೆದರೆ ಒಟ್ಟು ಇಪ್ಪತ್ತೆರಡೂವರೆ. ಬ್ರೇಕರ್ ಕೂಡಲೇ ಬೀಳದಿರಬಹುದು, ಸ್ವಲ್ಪ ಹೊತ್ತು ಕಾದು, ಬಿಸಿಯಾಗಿ ಬೀಳುತ್ತದೆ. ಅಲ್ಲೇ ಇಸ್ತ್ರಿ ಮಾಡುವ ಅಭ್ಯಾಸವಿದ್ದರೆ ಅದಕ್ಕೊಂದು ಬೇರೆ ಸರ್ಕ್ಯೂಟ್ ಎಳೆಸಿ. ಗೋಡೆ ತೆರೆದಿರುವಾಗ ಇದರ ಖರ್ಚು ಏನೇನೂ ಅಲ್ಲ.

4. ಜಿಎಫ್‌ಸಿಐ ಮತ್ತು ಎಎಫ್‌ಸಿಐ: ಎರಡೂ ಬೇಕು

ಜಿಎಫ್‌ಸಿಐ ಕಾಯುವುದು ಮನುಷ್ಯರನ್ನು. ಹಾಟ್ ವೈರಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯಾ ಎಂದು ಅದು ನೋಡುತ್ತಿರುತ್ತದೆ. ನಮ್ಮ ಊರಿನ ಮಾತಲ್ಲಿ ಹಾಟ್ ಎಂದರೆ ಫೇಸ್. ಸುಮಾರು 4ರಿಂದ 6 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಸಾಕು, ಕಡಿದುಬಿಡುತ್ತದೆ. ಊರಿನ ಮನೆಗಳಿಗೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ದು, ಇಲ್ಲಿನದು ಅದಕ್ಕಿಂತ ಬಲು ಸೂಕ್ಷ್ಮ.

ಎಎಫ್‌ಸಿಐ ಕಾಯುವುದು ಮನೆಯನ್ನು. ಸಡಿಲ ಸ್ಕ್ರೂ, ಮೊಳೆ ತಾಗಿದ ಕೇಬಲ್, ಹಿಸುಕಿದ ಕಾರ್ಡ್ ಇಂಥ ಕಡೆ ಏಳುವ ಕಿಡಿಯನ್ನು ಗುರುತಿಸಿ ಬೆಂಕಿಯಾಗುವ ಮುಂಚೆ ನಿಲ್ಲಿಸುತ್ತದೆ.

2014ರ ಆವೃತ್ತಿ ಲಾಂಡ್ರಿ ಜಾಗವನ್ನು ಈ ಎರಡೂ ಪಟ್ಟಿಗೆ ಸೇರಿಸಿತು. ಅದಕ್ಕೂ ಮುಂಚೆ ಸಿಂಕ್‌ನಿಂದ 6 ಅಡಿಯೊಳಗಿದ್ದರೆ ಮಾತ್ರ ಜಿಎಫ್‌ಸಿಐ ಕೇಳುತ್ತಿದ್ದರು. ಈಗ ಸಿಂಕ್ ಇರಲಿ ಬಿಡಲಿ, ಲಾಂಡ್ರಿ ಜಾಗದ ಎಲ್ಲ ಔಟ್‌ಲೆಟ್‌ಗೂ ಬೇಕು. 2020ರಿಂದ 240 ವೋಲ್ಟಿನ ಡ್ರೈಯರ್ ಔಟ್‌ಲೆಟ್ ಕೂಡ ಸೇರಿದೆ. ಕೆಲವು ರಾಜ್ಯಗಳು ಈ ಸೇರ್ಪಡೆಗೆ ಕತ್ತರಿ ಹಾಕಿವೆ, ಅದಕ್ಕೇ ಮೊದಲ ಹೆಜ್ಜೆಯಲ್ಲಿ ಆ ಪ್ರಶ್ನೆ ಕೇಳಲು ಹೇಳಿದ್ದು. ಎಎಫ್‌ಸಿಐ ಅನ್ವಯಿಸುವುದು 120 ವೋಲ್ಟಿನ 15 ಮತ್ತು 20 ಆಂಪಿಯರ್ ಸರ್ಕ್ಯೂಟ್‌ಗಳಿಗೆ, ಡ್ರೈಯರ್‌ಗೆ ಅಲ್ಲ.

ಹಳೇ ವೈರಿಂಗ್ ಅದರ ಪಾಡಿಗಿದ್ದರೆ ಯಾರೂ ಬಂದು ಕೇಳುವುದಿಲ್ಲ. ಔಟ್‌ಲೆಟ್ ಬದಲಿಸಿದರೋ, ವೈರ್ ಮುಂದುವರಿಸಿದರೋ, ಹೊಸ ನಿಯಮ ತಲೆಯ ಮೇಲೆ ಬಂದು ಕೂರುತ್ತದೆ.

ಇನ್ನು ಬಹಳ ಮನೆಗಳಲ್ಲಿ ಎಡವುವ ಜಾಗ. ಜಿಎಫ್‌ಸಿಐ ಬಟನ್‌ಗೆ ಸುಲಭವಾಗಿ ಕೈ ಎಟುಕಬೇಕು ಎನ್ನುವುದೂ ಕೋಡ್‌ನಲ್ಲೇ ಇದೆ. ಏಣಿ ಹತ್ತುವುದು, ಸಾಮಾನು ಸರಿಸುವುದು, ತೂರಿಕೊಂಡು ಹೋಗುವುದು ಇದ್ಯಾವುದೂ ಲೆಕ್ಕಕ್ಕಿಲ್ಲ. ಒಂದರ ಮೇಲೊಂದು ಕೂರಿಸಿದ ವಾಷರ್-ಡ್ರೈಯರ್ ಹಿಂದೆ ಜಿಎಫ್‌ಸಿಐ ಔಟ್‌ಲೆಟ್ ಹಾಕಿದರೆ ಕರೆಂಟೇನೋ ಬರುತ್ತದೆ, ಇನ್‌ಸ್ಪೆಕ್ಟರ್ ಮಾತ್ರ ಒಪ್ಪುವುದಿಲ್ಲ. ಅದು ಟ್ರಿಪ್ ಆದ ದಿನ ಅಷ್ಟು ಭಾರವನ್ನು ಎಳೆಯುವವರು ಯಾರು?

ಇದಕ್ಕೆ ಚೆಂದದ ಪರಿಹಾರ ಪ್ಯಾನೆಲ್‌ನಲ್ಲೇ ಇದೆ. 20 ಆಂಪಿಯರ್ ಡ್ಯುಯಲ್ ಫಂಕ್ಷನ್ ಬ್ರೇಕರ್ ಹಾಕಿಸಿ. ಎಎಫ್‌ಸಿಐ, ಜಿಎಫ್‌ಸಿಐ ಎರಡೂ ಅದರೊಳಗೇ ಇರುತ್ತವೆ. ಗೋಡೆಯಲ್ಲಿ ಸಾದಾ ಔಟ್‌ಲೆಟ್ ಸಾಕು. ಬ್ರೇಕರ್ ಕೊಳ್ಳುವಾಗ ನಿಮ್ಮ ಪ್ಯಾನೆಲ್‌ನ ಬಾಗಿಲಿನ ಒಳಗಡೆ ಅಂಟಿಸಿರುವ ಚೀಟಿ ನೋಡಿ. ಅದರಲ್ಲಿ ಒಪ್ಪಿರುವ ಬ್ರೇಕರ್ ಮಾತ್ರ ಹಾಕಬೇಕು. ಬೇರೆ ಕಂಪನಿಯದು ಸ್ಲಾಟ್‌ನಲ್ಲಿ ಕೂತಿತು ಅನ್ನುವುದು ಸಾಕಾಗುವುದಿಲ್ಲ.

ಔಟ್‌ಲೆಟ್ ಟ್ಯಾಂಪರ್ ರೆಸಿಸ್ಟೆಂಟ್ ಆಗಿರಲಿ, ಅಂದರೆ ಮಕ್ಕಳು ಪಿನ್ನು ತೂರಿಸಿದರೆ ಒಳಗಿನ ಮುಚ್ಚಳ ತೆರೆಯದ ಬಗೆಯದು. ಭಾರದ ಮೆಷಿನ್ ಹಿಂದಿರುವ ಔಟ್‌ಲೆಟ್‌ಗೆ ವಿನಾಯಿತಿ ಇದೆ. ಆದರೆ ಬೆಲೆಯ ವ್ಯತ್ಯಾಸ ತೀರಾ ಕಡಿಮೆ, ವಿನಾಯಿತಿ ಹುಡುಕುವ ಗೋಜಿಗೆ ಹೋಗಬೇಡಿ.

ನಮ್ಮವರ ಮನೆಗಳಲ್ಲಿ ಲಾಂಡ್ರಿ ರೂಮಿನಲ್ಲಿ ಎರಡನೇ ಫ್ರಿಜ್ಜೋ ಫ್ರೀಜರ್ರೋ ಇರುವುದು ಮಾಮೂಲು. ಅದನ್ನು ವಾಷರ್ ಸರ್ಕ್ಯೂಟ್‌ಗೆ ಚುಚ್ಚಬೇಡಿ, ಬೇರೆ ಲೈನ್ ಕೊಡಿ. ಅದಕ್ಕೂ ಜಿಎಫ್‌ಸಿಐ ಬೇಕೇ ಬೇಕು. ಊರಿಗೆ ಹೋದಾಗ ಅದು ಟ್ರಿಪ್ ಆದರೆ ಒಳಗಿನ ತೆಂಗಿನ ತುರಿ, ಕರಿಬೇವು ಎಲ್ಲ ಹಾಳು. ಉಷ್ಣಾಂಶ ಏರಿದರೆ ಫೋನಿಗೆ ಸುದ್ದಿ ಕಳಿಸುವ ಅಲಾರಂ ಒಂದಿಟ್ಟರೆ ಒಳ್ಳೆಯದು.

5. ಡ್ರೈಯರ್: ಮೂರು ಕಡ್ಡಿಯೋ, ನಾಲ್ಕು ಕಡ್ಡಿಯೋ

ಡ್ರೈಯರ್ ಔಟ್‌ಲೆಟ್ ಇರಲೇಬೇಕು ಎಂದು ಕೋಡ್ ಹೇಳುವುದಿಲ್ಲ. ಎಲೆಕ್ಟ್ರಿಕ್ ಡ್ರೈಯರ್ ಬೇಕೆಂದರೆ 30 ಆಂಪಿಯರ್ ಎರಡು ಪೋಲಿನ (ಎರಡೂ ಹಾಟ್ ವೈರನ್ನು ಒಟ್ಟಿಗೇ ಕಡಿಯುವ) ಬ್ರೇಕರ್, 10 ಗೇಜ್ ತಾಮ್ರ, ಒಳಗೆ ನಾಲ್ಕು ವೈರ್: ಎರಡು ಹಾಟ್, ಒಂದು ನ್ಯೂಟ್ರಲ್, ಒಂದು ಗ್ರೌಂಡ್ (ಊರಿನ ಮಾತಲ್ಲಿ ಅರ್ತ್). ಮೋಟಾರು, ಲೈಟು ಸಾಮಾನ್ಯವಾಗಿ 120 ವೋಲ್ಟಿನಲ್ಲಿ ನಡೆಯುವುದರಿಂದ ನ್ಯೂಟ್ರಲ್ ಬೇಕು. ಈ ಔಟ್‌ಲೆಟ್‌ನ ಹೆಸರು 14-30.

ಹಳೇ ಮನೆಗಳಲ್ಲಿರುವ ಮೂರು ತೂತಿನದು 10-30. ಅದರಲ್ಲಿ ಎರಡು ಹಾಟ್, ಒಂದು ನ್ಯೂಟ್ರಲ್, ಅಷ್ಟೇ. ಗ್ರೌಂಡ್ ಇಲ್ಲ. ಡ್ರೈಯರ್‌ನ ಲೋಹದ ಮೈಯನ್ನು ನ್ಯೂಟ್ರಲ್‌ಗೇ ಸೇರಿಸಿರುತ್ತಾರೆ. ಎಲ್ಲಾದರೂ ಆ ನ್ಯೂಟ್ರಲ್ ಕಡಿದರೆ ಡ್ರೈಯರ್‌ನ ಮೈಗೇ ಕರೆಂಟ್ ಬರುತ್ತದೆ. 1996ರ ಆವೃತ್ತಿ ಹೊಸ ವೈರಿಂಗ್‌ನಲ್ಲಿ ಇದನ್ನು ನಿಲ್ಲಿಸಿತು. ಮೊದಲಿಂದ ಇರುವ ಸರ್ಕ್ಯೂಟ್ 250.140ರ ಷರತ್ತುಗಳಿಗೆ ಹೊಂದುವುದಾದರೆ ಹಾಗೇ ಬಳಸಬಹುದು. ಹೊಸ ಡ್ರೈಯರ್‌ಗೆ ಮೂರು ಕಡ್ಡಿಯ ಕಾರ್ಡ್ ಹಾಕಿಸಿದರಾಯಿತು. ಆದರೆ ಮಾಮೂಲಿ ಕೇಬಲ್‌ನ ಹೊದಿಕೆಯಿಲ್ಲದ ಬರಿಮೈ ತಂತಿಯನ್ನು ನ್ಯೂಟ್ರಲ್ ಮಾಡಿಕೊಂಡಿದ್ದರೆ ಅದನ್ನು ಕೋಡ್ ಒಪ್ಪುವುದಿಲ್ಲ.

ಗೋಡೆ ತೆರೆಯುತ್ತಿದ್ದರೆ ನಾಲ್ಕು ವೈರಿನ ಕೇಬಲ್ ಹೊಸದಾಗಿ ಎಳೆಸಿಬಿಡಿ. ಹಳೇ ಮೂರು ವೈರನ್ನೇ ಉಳಿಸಿಕೊಂಡು, ನಾಲ್ಕು ತೂತಿನ ಔಟ್‌ಲೆಟ್ ತಂದು, ಒಳಗೆ ನ್ಯೂಟ್ರಲ್‌ಗೂ ಗ್ರೌಂಡ್‌ಗೂ ಒಂದು ತುಂಡು ತಂತಿ ಸೇರಿಸುವ ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಹೊರಗಿನಿಂದ ನೋಡಿದವರು ಗ್ರೌಂಡ್ ಇದೆ ಅಂದುಕೊಳ್ಳುತ್ತಾರೆ. ಇರುವುದಿಲ್ಲ.

ನಾಲ್ಕು ವೈರಿಗೆ ಬದಲಾದ ಮೇಲೆ ಡ್ರೈಯರ್‌ನೊಳಗೂ ಒಂದು ಕೆಲಸ ಬಾಕಿ ಇರುತ್ತದೆ. ಪ್ಲಗ್ ಕಿತ್ತು ಹಿಂಭಾಗದ ಚಿಕ್ಕ ಮುಚ್ಚಳ ಬಿಚ್ಚಿದರೆ ಮೂರು ಸ್ಕ್ರೂಗಳ ಟರ್ಮಿನಲ್ ಕಾಣುತ್ತದೆ. ನಡುವಿನದು ನ್ಯೂಟ್ರಲ್. ಅಲ್ಲಿಂದ ಡ್ರೈಯರ್‌ನ ಮೈಗೆ ಒಂದು ಲೋಹದ ಪಟ್ಟಿಯೋ ತಂತಿಯೋ ಹೋಗಿರುತ್ತದೆ. ಮ್ಯಾನುಯಲ್‌ನಲ್ಲಿ ತೋರಿಸಿದಂತೆ ಅದನ್ನು ಬಿಡಿಸಬೇಕು. ಹೊಸ ಕಾರ್ಡಿನ ಹಸಿರು ವೈರನ್ನು ಮೈಗೆ ತಾಗಿದ ಗ್ರೌಂಡ್ ಸ್ಕ್ರೂಗೆ, ಬಿಳಿಯದನ್ನು ನಡುವಿಗೆ, ಕಪ್ಪು ಮತ್ತು ಕೆಂಪನ್ನು ಆಚೆ ಈಚೆಗೆ ಬಿಗಿಯಬೇಕು. ಪಟ್ಟಿ ಬಿಡಿಸದೆ ಉಳಿದರೆ ನ್ಯೂಟ್ರಲ್‌ನ ಕರೆಂಟ್‌ನಲ್ಲಿ ಒಂದು ಪಾಲು ಗ್ರೌಂಡ್ ವೈರಿನಲ್ಲಿ ಹರಿಯುತ್ತದೆ. ಜಿಎಫ್‌ಸಿಐ ಬ್ರೇಕರ್ ಇದನ್ನು ಹಿಡಿದು ಟ್ರಿಪ್ ಆಗುತ್ತದೆ. "ಹೊಸ ಬ್ರೇಕರ್ ಸರಿಯಿಲ್ಲ" ಎಂದು ವಾಪಸ್ ಕೊಡುವ ಮುಂಚೆ ಈ ಪಟ್ಟಿ ನೋಡಿ.

ಇನ್ನೊಂದು ಮಾತು, ನಮ್ಮವರಿಗೇ ಮೀಸಲು. ಊರಿಂದ ತಂದ 230 ವೋಲ್ಟಿನ ಗ್ರೈಂಡರನ್ನು ಡ್ರೈಯರ್ ಔಟ್‌ಲೆಟ್‌ಗೆ ಚುಚ್ಚಬಹುದಾ ಎಂದು ಕೇಳುವವರು ಸಿಗುತ್ತಾರೆ. ಬೇಡ. ಅಲ್ಲಿ 240 ವೋಲ್ಟ್ ಬರುವುದು ಎರಡು ಹಾಟ್‌ಗಳ ನಡುವೆ. ಗ್ರೈಂಡರ್‌ನ ಸ್ವಿಚ್ ಒಂದೇ ವೈರನ್ನು ಕಡಿಯುವಂಥದ್ದಾದರೆ, ಆಫ್ ಮಾಡಿದ ಮೇಲೂ ಇನ್ನೊಂದರಲ್ಲಿ 120 ವೋಲ್ಟ್ ಜೀವಂತ ಇರುತ್ತದೆ. 30 ಆಂಪಿಯರ್ ಬ್ರೇಕರ್‌ಗೆ ಗ್ರೈಂಡರ್‌ನ ಸಣ್ಣ ಕಾರ್ಡ್ ಕಾಯುವ ಶಕ್ತಿ ಇಲ್ಲ. ಮೇಲಾಗಿ ಇಲ್ಲಿ 60 ಹರ್ಟ್ಸ್, ಊರಲ್ಲಿ 50. ಇಡ್ಲಿ ಹಿಟ್ಟಿಗೆ 110 ವೋಲ್ಟಿನ ಗ್ರೈಂಡರ್‌ಗಳು ಇಲ್ಲೇ ಸಿಗುತ್ತವೆ.

6. ಎಲ್ಲಿ ಕೂರಿಸಬೇಕು

ಲಾಂಡ್ರಿ ಔಟ್‌ಲೆಟ್ ಇಷ್ಟೇ ಎತ್ತರದಲ್ಲಿರಬೇಕು ಎಂದು ಎನ್‌ಇಸಿ ಹೇಳುವುದಿಲ್ಲ. ನೀರಿನ ನಲ್ಲಿಗಳ ಪೆಟ್ಟಿಗೆಯ ಕೆಳಗೆ ಬೇಡ. ಪಕ್ಕಕ್ಕೆ ಸರಿಸಿ, ವಾಷರ್‌ನ ತಲೆಗಿಂತ ಮೇಲಿಡಿ. ಪೈಪು ಸೋರಿದರೂ ನೀರು ಔಟ್‌ಲೆಟ್ ಮೇಲೆ ಇಳಿಯುವುದಿಲ್ಲ, ಪ್ಲಗ್ ಕೀಳಲು ಕೈಯೂ ಎಟುಕುತ್ತದೆ.

ಪ್ಯಾನೆಲ್ ಲಾಂಡ್ರಿ ರೂಮಿನಲ್ಲೇ ಇದ್ದರೆ ಅದರ ಮುಂದೆ 30 ಇಂಚು ಅಗಲ, 36 ಇಂಚು ಆಳ, ಆರೂವರೆ ಅಡಿ ಎತ್ತರ ಖಾಲಿ ಇರಬೇಕು. ವಾಷರ್, ಬಟ್ಟೆ ಬುಟ್ಟಿ, ಕಪಾಟು ಯಾವುದೂ ಅಲ್ಲಿ ಕೂಡದು. ಹೊಸ ಮೆಷಿನ್ ಹಳೆಯದಕ್ಕಿಂತ ದೊಡ್ಡದಾಗಿ ಈ ಜಾಗಕ್ಕೆ ಚಾಚಿಕೊಳ್ಳುವುದುಂಟು. ಟೇಪ್ ಹಿಡಿದು ಮೊದಲೇ ಅಳೆಯಿರಿ.

7. ವೈರ್ ಎಳೆಯುವಾಗ

ಪ್ಯಾನೆಲ್ ಮುಚ್ಚಳ ತೆಗೆಯುವ ಕೆಲಸ ಗೊತ್ತಿಲ್ಲದವರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಮೇನ್ ಬ್ರೇಕರ್ ಆರಿಸಿದರೂ ಹೊರಗಿನಿಂದ ಬರುವ ದಪ್ಪ ವೈರುಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಮರದ ಕಂಬಗಳ ಮನೆಯಲ್ಲಿ ಕೇಬಲ್ ಎಳೆಯುವಾಗ ಗಮನಿಸಬೇಕಾದ್ದು ಇಷ್ಟು. ತೂತಿನ ಅಂಚು ಕಂಬದ ಅಂಚಿನಿಂದ ಒಂದೂಕಾಲು ಇಂಚಿಗಿಂತ ಹತ್ತಿರ ಬಂದರೆ ಉಕ್ಕಿನ ಪ್ಲೇಟ್ ಬಡಿಯಬೇಕು, ನಾಳೆ ಯಾರೋ ಕಪಾಟಿಗೆ ಸ್ಕ್ರೂ ಹೊಡೆದಾಗ ಕೇಬಲ್‌ಗೆ ತಾಗದಿರಲಿ ಎಂದು. ಕೇಬಲ್‌ಗೆ ನಾಲ್ಕೂವರೆ ಅಡಿಗೊಂದು ಸ್ಟೇಪಲ್ ಬೇಕು. ಕ್ಲ್ಯಾಂಪ್ ಇಲ್ಲದ ಪ್ಲಾಸ್ಟಿಕ್ ಬಾಕ್ಸ್ ಆದರೆ ಬಾಕ್ಸ್‌ನಿಂದ 8 ಇಂಚಿನೊಳಗೂ ಒಂದು. ಬಾಕ್ಸ್‌ನೊಳಗೆ ಕನಿಷ್ಠ 6 ಇಂಚು ವೈರ್ ಬಿಡಿ. ಚಿಕ್ಕ ಬಾಕ್ಸ್ ತಂದು ವೈರ್ ತುರುಕಬೇಡಿ. 12 ಗೇಜ್‌ನ ಪ್ರತಿ ವೈರಿಗೆ 2.25 ಘನ ಇಂಚು ಜಾಗ, ಔಟ್‌ಲೆಟ್‌ಗೆ ಅದರ ಎರಡರಷ್ಟು, ಗ್ರೌಂಡ್‌ಗಳಿಗೆಲ್ಲ ಸೇರಿ ಒಂದರಷ್ಟು. ಒಂದು ಕೇಬಲ್ ಬಂದು, ಇನ್ನೊಂದು ಮುಂದಕ್ಕೆ ಹೋಗುವ ಬಾಕ್ಸ್‌ಗೆ 15.75 ಘನ ಇಂಚು ಬೇಕಾಗುತ್ತದೆ. 18 ಅಥವಾ 20ರ ಬಾಕ್ಸ್ ತನ್ನಿ, ಕೈಯಾಡಿಸಲು ಜಾಗ ಇರುತ್ತದೆ.

8. ಇನ್‌ಸ್ಪೆಕ್ಷನ್ ಮತ್ತು ಪರೀಕ್ಷೆ

ಗೋಡೆ ಮುಚ್ಚುವ ಮೊದಲು ರಫ್ ಇನ್‌ಸ್ಪೆಕ್ಷನ್, ಎಲ್ಲ ಮುಗಿದ ಮೇಲೆ ಫೈನಲ್. ಮೊದಲನೆಯದು ಆಗದೆ ಶೀಟ್ ಬಡಿದರೆ ಮತ್ತೆ ಕೀಳಿಸುತ್ತಾರೆ, ಅದರಲ್ಲಿ ಅನುಮಾನ ಬೇಡ.

ಕರೆಂಟ್ ಕೊಟ್ಟ ಮೇಲೆ ಮೆಷಿನ್ ಚುಚ್ಚುವ ಮುಂಚೆ ಮೀಟರ್ ಹಿಡಿದು ಡ್ರೈಯರ್ ಔಟ್‌ಲೆಟ್ ನೋಡಬೇಕು. ಎರಡು ಹಾಟ್‌ಗಳ ನಡುವೆ ಸುಮಾರು 240, ಪ್ರತಿ ಹಾಟ್‌ನಿಂದ ನ್ಯೂಟ್ರಲ್‌ಗೆ ಸುಮಾರು 120, ನ್ಯೂಟ್ರಲ್‌ಗೂ ಗ್ರೌಂಡ್‌ಗೂ ಸೊನ್ನೆಯ ಆಸುಪಾಸು ಬರಬೇಕು. ವಾಷರ್, ಡ್ರೈಯರ್ ಎರಡರ ಬ್ರೇಕರ್‌ನ ಟೆಸ್ಟ್ ಬಟನ್ ಒತ್ತಿ, ಬೀಳಬೇಕು. ಬಿದ್ದಾಗ ಆ ಸರ್ಕ್ಯೂಟ್‌ನ ಔಟ್‌ಲೆಟ್‌ಗಳಲ್ಲಿ ಕರೆಂಟ್ ಹೋಯಿತಾ ಎಂದೂ ನೋಡಿ. ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡುವುದು ರೂಢಿಯಾಗಲಿ. ಒತ್ತಿದರೂ ಬೀಳದ ಬ್ರೇಕರ್ ಬದಲಿಸಬೇಕು.

ಪ್ಯಾನೆಲ್ ಬಾಗಿಲಿನ ಪಟ್ಟಿಯಲ್ಲಿ ಸುಮ್ನೆ "ರೂಮ್" ಎಂದು ಗೀಚಬೇಡಿ. "ಲಾಂಡ್ರಿ ವಾಷರ್", "ಲಾಂಡ್ರಿ ಡ್ರೈಯರ್", "ಲಾಂಡ್ರಿ ಫ್ರೀಜರ್" ಎಂದು ಬಿಡಿಬಿಡಿಯಾಗಿ, ಇಂಗ್ಲಿಷಿನಲ್ಲೇ ಬರೆಯಿರಿ. ಮುಂದೆ ಅದನ್ನು ಓದುವವರು ಇನ್‌ಸ್ಪೆಕ್ಟರೋ, ನಿಮ್ಮ ಮನೆ ಕೊಳ್ಳುವವರೋ ಆಗಿರಬಹುದು. ಸಹಿಯಾದ ಪರ್ಮಿಟ್ ಕಾರ್ಡಿನ ಪ್ರತಿಯನ್ನು ಮನೆ ಪತ್ರಗಳ ಜೊತೆ ಇಟ್ಟುಕೊಳ್ಳಿ, ಮನೆ ಮಾರುವಾಗ ಕೇಳುತ್ತಾರೆ.